ಲೆಕ್ಕದಲ್ಲಿ 14 ಯೂನಿಟ್ ಬಂದ ಮನೆ ಕಟ್ಟಿದ ಮೇಲೂ ಅಷ್ಟೇ ಬಳಸಬೇಕಾದರೆ ಎಲ್ಲಿ ಕಣ್ಣಿಡಬೇಕು?

ಹೊಸಗೋಡೆ ಕೇಳಿದ್ದು:

ಚಳಿ ಜೋರಾಗಿರುವ ಹವಾಮಾನಕ್ಕೆ ಒಂದು ಮನೆಯ ವಿನ್ಯಾಸ ನಡೆಯುತ್ತಿದೆ. ಎರಡು ಅಂತಸ್ತು, ಒಳ ವಿಸ್ತೀರ್ಣ 150 ಚದರ ಮೀಟರ್, ನಾಲ್ಕು ಜನ ಇರುವ ಮನೆ. ಇಟ್ಟಿಗೆ ಗೋಡೆ, ಅದಕ್ಕೆ ಹೊರಗಿಂದ 220 ಮಿ.ಮೀ. ಇನ್ಸುಲೇಶನ್ (ಲ್ಯಾಂಬ್ಡಾ 0.035; ವಸ್ತು ಶಾಖವನ್ನು ಎಷ್ಟು ಸಾಗಿಸುತ್ತದೆ ಎಂಬ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು), ಮೇಲೆ ಮರದ ಚಾವಣಿ. ಗುರಿ ಪ್ಯಾಸಿವ್ ಹೌಸ್ (ಅತಿ ಕಡಿಮೆ ಶಕ್ತಿ ಬಳಸುವ ಮನೆಯ ಮಾನದಂಡ) ಮಟ್ಟ: ಬಿಸಿ ಮಾಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ ಮೀರಬಾರದು, 50 ಪಾಸ್ಕಲ್ ಒತ್ತಡದಲ್ಲಿ ಗಾಳಿ ಸೋರಿಕೆ ಗಂಟೆಗೆ 0.6 ಬದಲಾವಣೆಯ (ಮನೆಯೊಳಗಿನ ಒಟ್ಟು ಗಾಳಿಯ 0.6 ಪಟ್ಟಿನ) ಒಳಗಿರಬೇಕು. ಪಿಎಚ್‌ಪಿಪಿ (ಪ್ಯಾಸಿವ್ ಹೌಸ್ ವಿನ್ಯಾಸಕ್ಕೆ ಬಳಸುವ ಲೆಕ್ಕದ ಸಾಫ್ಟ್‌ವೇರ್) ಲೆಕ್ಕದಲ್ಲಿ 14 ಬರುತ್ತಿದೆ.

ಇಂಥ ಮನೆಗಳು ಲೆಕ್ಕಕ್ಕಿಂತ ಹೆಚ್ಚು ಬಳಸುತ್ತವೆ ಎಂಬ ದೂರು ಎಲ್ಲ ಕಡೆ ಇದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಇನ್ಸುಲೇಶನ್ 300 ಮಿ.ಮೀ. ಮಾಡಿದರೆ ಸುರಕ್ಷಿತವೇ? ಕೆಲಸದವರು ಈ ಮಟ್ಟದ ಮನೆ ಮೊದಲ ಸಲ ಕಟ್ಟುತ್ತಿದ್ದಾರೆ. ಹಾಗಾಗಿ ಡ್ರಾಯಿಂಗಿನಲ್ಲೂ ಒಪ್ಪಂದದಲ್ಲೂ ಏನೇನು ಬರೆದಿಡಬೇಕು ಅಂತಲೂ ತಿಳಿಸಿ.

—

ಗಾಳಿಲೆಕ್ಕ ಉತ್ತರ:

ದಪ್ಪದ ಮಾತು ಮೊದಲು ಮುಗಿಸಿಬಿಡೋಣ. 220 ಸಾಕು. ಬರೀ ಇಟ್ಟಿಗೆ ಗೋಡೆಯ ಯು-ವ್ಯಾಲ್ಯೂ (ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸೋರುವ ವ್ಯಾಟ್) 2.5ರ ಆಸುಪಾಸು ಇರುತ್ತದೆ. ಮೊದಲ 100 ಮಿ.ಮೀ. ಅದನ್ನು 0.31ಕ್ಕೆ ಇಳಿಸುತ್ತದೆ, 220 ಆದಾಗ 0.15, 300 ಆದಾಗ 0.11. ಕೊನೆಯ 80 ಮಿ.ಮೀ.ಗೆ ಸಿಗುವುದು 0.04 ಮಾತ್ರ. ಆ ದುಡ್ಡನ್ನೂ ಗಮನವನ್ನೂ ಸಂದುಗಳ ಕಡೆ ತಿರುಗಿಸಿ. ಇಂಥ ಮನೆಗಳು ಸೋಲುವುದು ಗೋಡೆಯ ನಡುವಲ್ಲಿ ಅಲ್ಲ, ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಶುರುವಾಗುವ ಜಾಗದಲ್ಲಿ.

0.6 ಅಂದರೆ ಎಷ್ಟು ಬಿಗಿ ಅಂತ ಲೆಕ್ಕ ಹಾಕಿ ನೋಡಿ. 150 ಚದರ ಮೀಟರಿಗೆ 2.5 ಮೀಟರ್ ಎತ್ತರ ಹಿಡಿದರೆ ಒಳಗಿನ ಗಾಳಿ 375 ಘನ ಮೀಟರ್. 50 ಪಾಸ್ಕಲ್‌ನಲ್ಲಿ ಗಂಟೆಗೆ 225 ಘನ ಮೀಟರ್‌ಗಿಂತ ಹೆಚ್ಚು ಸೋರುವ ಹಾಗಿಲ್ಲ. ಇದನ್ನು ತೂತಿನ ಅಳತೆಗೆ ತಿರುಗಿಸಿದರೆ ಇಡೀ ಮನೆಯ ಸೋರಿಕೆಯೆಲ್ಲ ಸೇರಿ ಸುಮಾರು 110 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಚಾವಣಿಯೂ ಗೋಡೆಯೂ ಕೂಡುವಲ್ಲಿ 1 ಮಿ.ಮೀ. ಸಂದು 11 ಮೀಟರ್ ಉದ್ದಕ್ಕೆ ಉಳಿದರೆ ಕೋಟಾ ಅಲ್ಲಿಗೇ ಮುಗಿಯಿತು.

ಆದ್ದರಿಂದ ಮೊದಲ ಕೆಲಸ: ಸೆಕ್ಷನ್ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಿನಲ್ಲಿ ಗಾಳಿಬಿಗಿ ಪದರದ ಗೆರೆ ಎಳೆಯಿರಿ. ಪೆನ್ನು ಎತ್ತದೆ ಮನೆಯನ್ನು ಒಂದು ಸುತ್ತು ಬರಬೇಕು. ಎಲ್ಲಿ ಪೆನ್ನು ಎತ್ತಬೇಕಾಗುತ್ತದೋ ಅಲ್ಲಿ ಒಂದು ಡೀಟೇಲ್ ಡ್ರಾಯಿಂಗ್ ಬಾಕಿ ಇದೆ ಅಂತ ಅರ್ಥ. ನಿಮ್ಮ ಮನೆಯಲ್ಲಿ ಆ ಪದರ ಗೋಡೆಗೆ ಒಳಗಿನ ಪ್ಲಾಸ್ಟರ್, ನೆಲಕ್ಕೆ ಕಾಂಕ್ರೀಟ್ ಸ್ಲ್ಯಾಬ್, ಚಾವಣಿಗೆ ಒಳಬದಿಯ ಮೆಂಬ್ರೇನ್ (ಗಾಳಿ ಬಿಡದ ತೆಳು ಹಾಳೆ). ಇಟ್ಟಿಗೆ ಗೋಡೆ ತಾನಾಗಿ ಗಾಳಿಬಿಗಿ ಅಲ್ಲ. ಗಾರೆಯ ಸಂದುಗಳಲ್ಲಿ ಗಾಳಿ ಧಾರಾಳವಾಗಿ ಓಡಾಡುತ್ತದೆ. ಪ್ಲಾಸ್ಟರ್ ಇಲ್ಲದ ಕಡೆಯೆಲ್ಲ ತೂತು ಎಂದೇ ತಿಳಿಯಿರಿ.

ಪ್ಲಾಸ್ಟರ್ ಬಿಟ್ಟುಹೋಗುವ ಜಾಗಗಳು ಎಲ್ಲ ಸೈಟಿನಲ್ಲೂ ಅವೇ: ಫಾಲ್ಸ್ ಸೀಲಿಂಗ್‌ಗಿಂತ ಮೇಲೆ, ಮೆಟ್ಟಿಲಿನ ಬದಿ, ಬಾತ್‌ಟಬ್ ಹಿಂದೆ, ಪೈಪು ಹೋಗುವ ಶಾಫ್ಟ್ ಹಿಂದೆ, ಮತ್ತು ನೆಲದ ಸ್ಕ್ರೀಡ್ (ಸ್ಲ್ಯಾಬ್ ಮೇಲೆ ಮಟ್ಟಕ್ಕೆ ಹಾಕುವ ಗಾರೆ ಪದರ) ಬರುವ ಕೊನೆಯ 8–10 ಸೆಂಟಿಮೀಟರ್. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಪ್ಲಾಸ್ಟರ್ ಕಚ್ಚಾ ಸ್ಲ್ಯಾಬ್ ಮುಟ್ಟುವ ತನಕ ಇಳಿಯಬೇಕು, ಅದಾದ ಮೇಲೆ ಸ್ಕ್ರೀಡ್. ಮೆಟ್ಟಿಲನ್ನೂ ಶಾಫ್ಟನ್ನೂ ಕಟ್ಟುವ ಮೊದಲೇ ಅವುಗಳ ಹಿಂದಿನ ಗೋಡೆಗೆ ಪ್ಲಾಸ್ಟರ್ ಆಗಿರಬೇಕು, ಅಂದರೆ ಕೆಲಸದ ಕ್ರಮವೇ ಬದಲಾಗುತ್ತದೆ. ಮೇಸ್ತ್ರಿಗೆ ಇದನ್ನು ಮುಂಚೆಯೇ ಹೇಳದಿದ್ದರೆ ಆಮೇಲೆ ಸರಿಪಡಿಸಲು ದಾರಿಯೇ ಇರುವುದಿಲ್ಲ.

ಮೆಂಬ್ರೇನ್ ಪ್ಲಾಸ್ಟರಿಗೆ ಸೇರುವ ಕಡೆ 15–20 ಸೆಂಟಿಮೀಟರ್ ಅಂಚು ಗೋಡೆ ಮೇಲೆ ಇಳಿಬಿಟ್ಟು, ಮೆಶ್ ಇರುವ ಟೇಪ್ ಹಾಕಿ ಅದರ ಮೇಲೆ ಪ್ಲಾಸ್ಟರ್ ಬರುವಂತೆ ಮಾಡಿ. ಸ್ವಲ್ಪ ಸಡಿಲವಿರಲಿ. ಮರ ಕುಗ್ಗಿದಾಗ ಬಿಗಿಯಾಗಿ ಎಳೆದ ಮೆಂಬ್ರೇನ್ ಕಿತ್ತು ಬರುತ್ತದೆ. ಟೇಪ್ ಅಂಟುವ ಮೇಲ್ಮೈಯಲ್ಲಿ ಧೂಳಿದ್ದರೆ ಅಂಟುವುದು ಧೂಳಿಗೆ, ಗೋಡೆಗಲ್ಲ. ಇಟ್ಟಿಗೆ, ಕಾಂಕ್ರೀಟ್ ಮೇಲೆ ಪ್ರೈಮರ್ ಬೇಕೇ ಬೇಕು. ಕೇಬಲ್‌ಗಳನ್ನು ಕಂತೆ ಕಟ್ಟಿ ಒಂದೇ ತೂತಿನಲ್ಲಿ ಹೊರಗೆ ಬಿಡಬೇಡಿ, ಕಂತೆಯ ಒಳಗಿನ ಸಂದು ಯಾವ ಟೇಪಿಗೂ ಸಿಗುವುದಿಲ್ಲ. ಒಂದೊಂದು ಕೇಬಲ್ಲಿಗೂ ಒಂದೊಂದು ರಬ್ಬರ್ ಗ್ರೊಮೆಟ್. ಕಾಂಡ್ಯೂಟ್ ಪೈಪಿನ ಹೊರಗೆ ಸೀಲ್ ಮಾಡಿ ಒಳಗೆ ಬಿಟ್ಟರೆ ಪ್ರಯೋಜನವಿಲ್ಲ, ಒಳಗೂ ಮುಚ್ಚಬೇಕು. ಸ್ವಿಚ್ ಬಾಕ್ಸ್‌ಗಳನ್ನು ಹಸಿ ಜಿಪ್ಸಮ್‌ನಲ್ಲಿ ಒತ್ತಿ ಕೂರಿಸಬೇಕು. ಪಿಯು ಫೋಮನ್ನು ಗಾಳಿಬಿಗಿ ಪದರ ಅಂತ ಲೆಕ್ಕಕ್ಕೆ ಹಿಡಿಯಲೇಬೇಡಿ, ಕಿಟಕಿ ಚೌಕಟ್ಟು ಹಿಗ್ಗಿ ಕುಗ್ಗುವಾಗ ಅದು ಬಿರಿಯುತ್ತದೆ.

ಬ್ಲೋವರ್ ಡೋರ್ ಟೆಸ್ಟ್ (ಬಾಗಿಲಿಗೆ ಫ್ಯಾನು ಕೂರಿಸಿ ಸೋರಿಕೆ ಅಳೆಯುವುದು) ಎರಡು ಸಲ ಆಗಬೇಕು. ಮೊದಲನೆಯದು ಕಿಟಕಿ ಕೂತು, ಪ್ಲಾಸ್ಟರ್ ಆಗಿ, ಮೆಂಬ್ರೇನ್ ಇನ್ನೂ ಕಣ್ಣಿಗೆ ಕಾಣುತ್ತಿರುವಾಗ. ಮೈನಸ್ 50 ಪಾಸ್ಕಲ್ ಹಿಡಿದು ನಿಲ್ಲಿಸಿ, ಒದ್ದೆ ಕೈ ಅಥವಾ ಹೊಗೆ ಪೆನ್ಸಿಲ್ ಹಿಡಿದು ಸಂದು ಸಂದು ನೋಡಿಕೊಂಡು ಬನ್ನಿ. ಸಿಂಕ್, ಬಚ್ಚಲುಗಳ ಟ್ರ್ಯಾಪ್‌ನಲ್ಲಿ (ಕೆಳಗಿನ ಬಾಗಿದ ಕೊಳವೆಯಲ್ಲಿ) ನೀರು ತುಂಬಿರಬೇಕು. ಎರಡನೆಯದು ಎಲ್ಲ ಮುಗಿದ ಮೇಲೆ. ಆಗ ಒತ್ತಡ ಕೂಡಿಸಿ ಒಮ್ಮೆ, ಇಳಿಸಿ ಒಮ್ಮೆ ಅಳೆದು ಸರಾಸರಿ ತೆಗೆಯುತ್ತಾರೆ. ಯಾವ ಘನ ಅಳತೆಯಿಂದ ಭಾಗಿಸಿದರು ಅಂತ ರಿಪೋರ್ಟಿನಲ್ಲಿ ನೋಡಿ. ಗೋಡೆ ದಪ್ಪವನ್ನೂ ಫಾಲ್ಸ್ ಸೀಲಿಂಗ್ ಮೇಲಿನ ಜಾಗವನ್ನೂ ಸೇರಿಸಿಬಿಟ್ಟರೆ ಅದೇ ಮನೆಗೆ ಅಂಕಿ ಚೆನ್ನಾಗಿ ಕಾಣುತ್ತದೆ.

ಇದೆಲ್ಲ ಶಾಖ ಉಳಿಸಲು ಮಾತ್ರವಲ್ಲ. ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯ ತೇವದ ಗಾಳಿ ಸಂದಿನಲ್ಲಿ ನುಗ್ಗಿ ಚಾವಣಿಯ ತಣ್ಣನೆ ಮರ ಮುಟ್ಟಿದರೆ ಅಲ್ಲಿ ನೀರಾಗುತ್ತದೆ. ಪದರದ ಮೂಲಕ ಆವಿ ನಿಧಾನವಾಗಿ ಹಾಯುವುದಕ್ಕಿಂತ ಸಂದಿನಲ್ಲಿ ಗಾಳಿ ಹೊತ್ತೊಯ್ಯುವ ನೀರು ಎಷ್ಟೋ ಪಟ್ಟು ಹೆಚ್ಚು. ಇನ್ಸುಲೇಶನ್ ಹೆಚ್ಚಿದಷ್ಟೂ ಹೊರಗಿನ ಮರ ಇನ್ನಷ್ಟು ತಣ್ಣಗಿರುತ್ತದೆ. ಹಾಗಾಗಿ ದಪ್ಪ ಇನ್ಸುಲೇಶನ್ ಹಾಕಿ ಬಿಗಿ ಮಾಡದೆ ಬಿಟ್ಟ ಮನೆಯ ಚಾವಣಿಯೇ ಎಲ್ಲಕ್ಕಿಂತ ಬೇಗ ಕೊಳೆಯುತ್ತದೆ.

—

ತೊಲೆಕಂಬ ಉತ್ತರ:

ಮೇಲಿನ ಮಾತಿಗೆ ಥರ್ಮಲ್ ಬ್ರಿಡ್ಜ್, ಅಂದರೆ ಇನ್ಸುಲೇಶನ್ ದಾಟಿಕೊಂಡು ಶಾಖ ಹೊರಗೆ ಹೋಗುವ ದಾರಿ, ಸೇರಿಸುತ್ತೇನೆ. ಬಾಲ್ಕನಿ ಇದೆಯೇ? ಒಳಗಿನ ಸ್ಲ್ಯಾಬೇ ಹೊರಗೆ ಚಾಚಿದ್ದರೆ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.8 ವ್ಯಾಟ್ ಆಸುಪಾಸು ಸೋರುತ್ತದೆ. 4 ಮೀಟರ್ ಬಾಲ್ಕನಿಗೆ 3.2. ನಿಮ್ಮ 0.15ರ ಗೋಡೆಯ 21 ಚದರ ಮೀಟರ್ ಕಳೆದುಕೊಳ್ಳುವಷ್ಟು ಶಾಖ ಆ ಒಂದೇ ಸಾಲಿನಲ್ಲಿ ಹೋಯಿತು. ಉತ್ತಮ ದಾರಿ ಅಂದರೆ ಬಾಲ್ಕನಿಗೆ ಅದರದ್ದೇ ಕಂಬ ಕೊಟ್ಟು ಗೋಡೆಗೆ ಬರೀ ಅಲುಗದಂತೆ ಕಟ್ಟುವುದು. ಆಗದಿದ್ದರೆ ಭಾರ ಹೊರುವ ಥರ್ಮಲ್ ಬ್ರೇಕ್ ತುಂಡು ಹಾಕಬಹುದು. ಸೋರಿಕೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ಅದರ ಕಂಬಿ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಶುರುವಿನಲ್ಲೇ ಮಾಡಬೇಕು, ಸೆಂಟ್ರಿಂಗ್ ಹೊಡೆದ ಮೇಲೆ ನೆನಪಾದರೆ ಏನೂ ಮಾಡಲಾಗದು.

ಗೋಡೆಯ ಬುಡ ಇನ್ನೊಂದು. ಸ್ಲ್ಯಾಬ್ ಮೇಲೆ ಇನ್ಸುಲೇಶನ್ ಇಟ್ಟರೆ ಇಟ್ಟಿಗೆ ಗೋಡೆ ಅದನ್ನು ಸೀಳಿಕೊಂಡು ಪಾಯಕ್ಕೆ ಇಳಿಯುತ್ತದೆ. ಬುಡದ ಒಂದು ವರಸೆ ಹಗುರ ಏರೇಟೆಡ್ ಬ್ಲಾಕ್ ಅಥವಾ ಫೋಮ್ ಗ್ಲಾಸ್ ಇರಲಿ, ಇಲ್ಲವೇ ಸ್ಲ್ಯಾಬ್ ಕೆಳಗೇ ಪೂರ್ತಿ ಇನ್ಸುಲೇಶನ್ ಹಾಸಿ.

ಕಿಟಕಿಯಲ್ಲಿ ಎಲ್ಲರೂ ಗಾಜಿನ ಅಂಕಿ ನೋಡುತ್ತಾರೆ, ಅದನ್ನು ಎಲ್ಲಿ ಕೂರಿಸುತ್ತಾರೆ ಅಂತ ನೋಡುವುದಿಲ್ಲ. 1.2 × 1.5 ಮೀಟರ್ ಕಿಟಕಿ ತಗೊಳ್ಳಿ. ಸುತ್ತಳತೆ 5.4 ಮೀಟರ್, ವಿಸ್ತೀರ್ಣ 1.8, ಯು-ವ್ಯಾಲ್ಯೂ 0.80. ಚೌಕಟ್ಟನ್ನು ಇನ್ಸುಲೇಶನ್ ಪದರದೊಳಗೆ ಕೂರಿಸಿ ಅದರ ಮೇಲೂ ಸ್ವಲ್ಪ ಇನ್ಸುಲೇಶನ್ ಹೊದಿಸಿದರೆ ಸುತ್ತಿನ ನಷ್ಟ ಮೀಟರಿಗೆ 0.04 ವ್ಯಾಟಿನಷ್ಟು, ಅದೂ ಸೇರಿದ ಯು-ವ್ಯಾಲ್ಯೂ 0.92. ಅದೇ ಕಿಟಕಿಯನ್ನು ರೂಢಿಯಂತೆ ಇಟ್ಟಿಗೆಯ ನಡುವೆ ಕೂರಿಸಿದರೆ ಮೀಟರಿಗೆ 0.15, ಒಟ್ಟು 1.25. ಮೂರು ಪದರದ ಗಾಜಿಗೆ ಕೊಟ್ಟ ಹಣದ ದೊಡ್ಡ ಪಾಲು ಅಲ್ಲಿ ಹೋಯಿತು. ಇನ್ಸುಲೇಶನ್ ಒಳಗೆ ಕೂರಿಸಲು ಗಟ್ಟಿ ಬ್ರ್ಯಾಕೆಟ್ ಬೇಕು. 4 ಮಿ.ಮೀ.ನ ಮೂರು ಗಾಜು ಅಂದರೆ ಚದರ ಮೀಟರಿಗೆ 30 ಕೆ.ಜಿ., ಅದರ ಮೇಲೆ ಚೌಕಟ್ಟಿನ ಭಾರ.

ಇನ್ನು ಬೂಷ್ಟು. ಒಳಗೆ 20 ಡಿಗ್ರಿ, 50% ತೇವ ಇದ್ದಾಗ ಯಾವ ಮೂಲೆಯ ಮೇಲ್ಮೈ 12.6 ಡಿಗ್ರಿಗಿಂತ ಕೆಳಗೆ ಇಳಿಯುತ್ತದೋ ಅಲ್ಲಿ ಬೂಷ್ಟು ಹಿಡಿಯುತ್ತದೆ. ನೀರು ಹನಿಯುವ ತನಕ ಕಾಯಬೇಕಿಲ್ಲ, ಮೇಲ್ಮೈ ಪಕ್ಕದ ಗಾಳಿಯ ತೇವ 80% ಮುಟ್ಟಿದರೆ ಸಾಕು. ಸಂಶಯವಿರುವ ಪ್ರತಿ ಸಂದಿಗೂ ಈ ಉಷ್ಣತೆಯ ಲೆಕ್ಕ ಕೇಳಿ ತಗೊಳ್ಳಿ.

—

ಹೊಸಗೋಡೆ:

ಇಬ್ಬರಿಗೂ ಧನ್ಯವಾದ. ಬಾಲ್ಕನಿ ಇದೆ, ಕಂಬ ಕೊಡುವ ದಾರಿ ನೋಡುತ್ತೇವೆ. ಇನ್ನೊಂದು ಪ್ರಶ್ನೆ: ಮನೆಯವರು ವೆಂಟಿಲೇಶನ್ ಮಷೀನ್ ಬೇಡ, ಕಿಟಕಿ ತೆರೆದುಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಬಿಡಬಹುದೇ?

—

ಯಂತ್ರಕೋಣೆ ಉತ್ತರ:

ಬಿಡಲಾಗದು. ಲೆಕ್ಕ ತೋರಿಸಿ ಅವರಿಗೆ. ತಲೆಗೆ ಗಂಟೆಗೆ 30 ಘನ ಮೀಟರಿನಂತೆ ನಾಲ್ವರಿಗೆ 120. ಹೊರಗೆ 0, ಒಳಗೆ 20 ಡಿಗ್ರಿ ಇದ್ದರೆ ಆ ಗಾಳಿ ಹೊತ್ತೊಯ್ಯುವುದು 120 × 0.33 × 20, ಸುಮಾರು 790 ವ್ಯಾಟ್. 80% ಶಾಖ ಮರಳಿ ಹಿಡಿಯುವ ಮಷೀನ್ ಇದ್ದರೆ ನಷ್ಟ 160 ವ್ಯಾಟ್, ಫ್ಯಾನಿಗೆ ಖರ್ಚಾಗುವುದು 54 ವ್ಯಾಟ್ ಒಳಗೆ (ಘನ ಮೀಟರಿಗೆ 0.45 ವ್ಯಾಟ್-ಅವರ್ ಅಂತ ಮಿತಿ ಇದೆ). ಕಿಟಕಿ ತೆರೆಯುವುದನ್ನು ಯಾರೂ ತಡೆಯುವುದಿಲ್ಲ. ಆದರೆ ರಾತ್ರಿ ಮಲಗಿದಾಗ ಕೊರೆಯುವ ಚಳಿಯಲ್ಲಿ ಯಾರೂ ಎದ್ದು ತೆರೆಯುವುದಿಲ್ಲ, 0.6ರ ಮನೆಯಲ್ಲಿ ಸಂದಿನಿಂದ ಗಾಳಿ ಬರುವುದೂ ಇಲ್ಲ.

ಪ್ಯಾಸಿವ್ ಹೌಸಿಗೆ ಬಿಸಿ ಮಾಡುವ ಗರಿಷ್ಠ ಬೇಡಿಕೆ ಚದರ ಮೀಟರಿಗೆ 10 ವ್ಯಾಟ್ ಎಂಬ ಇನ್ನೊಂದು ಮಿತಿಯೂ ಇಲ್ಲಿಂದಲೇ ಬಂದದ್ದು. ತಲೆಗೆ 30 ಚದರ ಮೀಟರ್, 30 ಘನ ಮೀಟರ್ ಗಾಳಿ, ಅಂದರೆ ಚದರ ಮೀಟರಿಗೆ ಗಂಟೆಗೆ 1 ಘನ ಮೀಟರ್. ಗಾಳಿಯನ್ನು 50 ಡಿಗ್ರಿ ಆಸುಪಾಸಿಗಿಂತ ಹೆಚ್ಚು ಕಾಯಿಸಿದರೆ ಧೂಳು ಸುಟ್ಟ ವಾಸನೆ ಬರುತ್ತದೆ, ಹಾಗಾಗಿ ಸಿಗುವುದು 30 ಡಿಗ್ರಿ ವ್ಯತ್ಯಾಸ. 0.33 × 30 ಸುಮಾರು 10 ವ್ಯಾಟ್. ಬೇಡಿಕೆ ಇದರೊಳಗಿದ್ದರೆ ಉಸಿರಾಟಕ್ಕೆ ಬೇಕಾದ ಗಾಳಿಯೇ ಶಾಖವನ್ನೂ ಹೊತ್ತು ತರಬಲ್ಲದು. ಆದರೂ ಬಾತ್‌ರೂಮಿಗೆ ಒಂದು ಚಿಕ್ಕ ಹೀಟರ್ ಇರಲಿ.

ಸೈಟಿನಲ್ಲಿ ತಪ್ಪುವುದು ಇವು. ಹೊರಗಿನ ತಣ್ಣನೆ ಗಾಳಿ ತರುವ ಡಕ್ಟ್ ಬೆಚ್ಚನೆ ಮನೆಯೊಳಗೆ ಉದ್ದಕ್ಕೆ ಹರಿದರೆ ಅದು ಮನೆಯನ್ನು ತಣ್ಣಗೆ ಮಾಡುತ್ತಲೇ ಇರುತ್ತದೆ. ಮಷೀನನ್ನು ಹೊರಗೋಡೆಗೆ ತಾಗಿಸಿ ಇಡಿ, ಆ ಎರಡು ಡಕ್ಟ್ ಆದಷ್ಟು ಗಿಡ್ಡವಿರಲಿ, ಆವಿ ಹೊಗದ ಇನ್ಸುಲೇಶನ್ ಸುತ್ತಿ. ಇಲ್ಲದಿದ್ದರೆ ಡಕ್ಟ್ ಮೈಯೆಲ್ಲ ಬೆವರುತ್ತದೆ. ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಡಕ್ಟ್ ಜಾಸ್ತಿ ಬಳಸಿದರೆ ಫ್ಯಾನು ಕಿರುಚುತ್ತದೆ, ಆಗ ಮನೆಯವರು ಅದನ್ನು ಆಫ್ ಮಾಡುತ್ತಾರೆ. ಮಲಗುವ ಕೋಣೆಯಲ್ಲಿ 25 ಡೆಸಿಬಲ್ ಮೀರದಂತೆ ಸೈಲೆನ್ಸರ್ ಹಾಕಿ. ಒಳಬರುವ ಗಾಳಿಯೂ ಹೊರಹೋಗುವ ಗಾಳಿಯೂ 10% ಒಳಗೆ ಸರಿಹೊಂದಿದೆಯೇ ಅಂತ ಕೊನೆಗೆ ಮಾಪಕ ಹಿಡಿದು ಅಳೆಯಬೇಕು. ಫಿಲ್ಟರ್ ಕೈಗೆಟಕುವ ಜಾಗದಲ್ಲಿರಲಿ. ಏಣಿ ಹಾಕಿ ಬಿಚ್ಚಬೇಕಾದ ಫಿಲ್ಟರನ್ನು ಯಾರೂ ಬದಲಿಸುವುದಿಲ್ಲ.

ಅಡುಗೆ ಮನೆಯ ಚಿಮಣಿ ಬಗ್ಗೆ ಎಚ್ಚರ. ಗಂಟೆಗೆ 500 ಘನ ಮೀಟರ್ ಎಳೆದು ಹೊರಗೆ ಬಿಡುವ ಚಿಮಣಿ ಇಷ್ಟು ಬಿಗಿ ಮನೆಯಲ್ಲಿ ಗಾಳಿಯನ್ನು ಎಲ್ಲಿಂದ ತರಬೇಕು? ಒಳಗೆ ಉರಿಯುವ ಒಲೆ, ಗೀಸರ್ ಇದ್ದರೆ ಅದರ ಹೊಗೆ ಕೊಳವೆಯಿಂದಲೇ ಹಿಂದಕ್ಕೆ ಎಳೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುತ್ತದೆ, ಜೀವಕ್ಕೇ ಅಪಾಯ. ಇಂಡಕ್ಷನ್ ಒಲೆ, ಕಾರ್ಬನ್ ಫಿಲ್ಟರಿನ ಒಳಸುತ್ತಿನ ಚಿಮಣಿ, ಅಡುಗೆ ಮನೆಯಲ್ಲಿ ವೆಂಟಿಲೇಶನ್ ಮಷೀನಿನ ಒಂದು ಎಳೆಬಾಯಿ, ಇದು ಸುರಕ್ಷಿತ ಜೋಡಣೆ.

ಬಿಸಿನೀರನ್ನು ಮರೆಯಬೇಡಿ. ನಿಮ್ಮ ಮನೆಗೆ ಬಿಸಿ ಮಾಡಲು ವರ್ಷಕ್ಕೆ 150 × 14, ಅಂದರೆ 2100 ಯೂನಿಟ್. ನಾಲ್ವರಿಗೆ ತಲಾ 25 ಲೀಟರ್ 60 ಡಿಗ್ರಿ ನೀರಿಗೂ ಹೆಚ್ಚೂಕಮ್ಮಿ ಅಷ್ಟೇ ಆಗುತ್ತದೆ. ಅದರ ಮೇಲೆ ಸದಾ ಬಿಸಿನೀರು ಸುತ್ತುವ 20 ಮೀಟರ್ ಸರ್ಕ್ಯುಲೇಶನ್ ಪೈಪು ಮೀಟರಿಗೆ 8 ವ್ಯಾಟ್ ಸೋರಿದರೂ ವರ್ಷಕ್ಕೆ 1400 ಯೂನಿಟ್, ಬೇಸಿಗೆಯಲ್ಲಿ ಮನೆ ಕಾಯುವುದು ಬೇರೆ. ಬಾತ್‌ರೂಮುಗಳನ್ನೂ ಅಡುಗೆ ಮನೆಯನ್ನೂ ಒಂದರ ಮೇಲೊಂದು ಜೋಡಿಸಿ, ಸರ್ಕ್ಯುಲೇಶನ್ ಬೇಕಾಗದಂತೆ ಮಾಡಿ. ಇದು ಆರ್ಕಿಟೆಕ್ಟ್ ಪ್ಲಾನ್ ಹಾಕುವಾಗಲೇ ತೀರ್ಮಾನವಾಗುವ ವಿಷಯ.

—

ತೇವಗಾಳಿ ಉತ್ತರ:

ಈ ಚರ್ಚೆ ಓದಿ ಬಿಸಿ, ತೇವದ ಹವಾಮಾನದಲ್ಲಿ ಇದನ್ನೇ ನಕಲು ಮಾಡುವವರಿಗಾಗಿ ಒಂದೆರಡು ಮಾತು. ಅಲ್ಲಿ ಆವಿ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ. ಚಳಿ ದೇಶದಂತೆ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಅಥವಾ ವಿನೈಲ್ ವಾಲ್‌ಪೇಪರ್ ಹಾಕಿ ಎಸಿ ನಡೆಸಿದರೆ ಅದರ ಹಿಂದೆಯೇ ನೀರು ನಿಂತು ಬೂಷ್ಟು ಹಬ್ಬುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಎಸಿಯ ಅಳತೆ. ಇನ್ಸುಲೇಶನ್, ನೆರಳು ಎರಡೂ ಸೇರಿ ಶಾಖದ ಭಾರವನ್ನು ಇಳಿಸುತ್ತವೆ, ತೇವದ ಭಾರವನ್ನು ಇಳಿಸುವುದಿಲ್ಲ. ಹೊರಗೆ 30 ಡಿಗ್ರಿ, 75% ತೇವ ಇದ್ದಾಗ ಕಿಲೋ ಗಾಳಿಗೆ 20 ಗ್ರಾಂ ನೀರು ಇರುತ್ತದೆ. ಒಳಗೆ 25 ಡಿಗ್ರಿ, 55%ಕ್ಕೆ 11 ಗ್ರಾಂ. ಗಂಟೆಗೆ 120 ಘನ ಮೀಟರ್ ಹೊಸ ಗಾಳಿ ಬಂದರೆ ದಿನಕ್ಕೆ 30 ಲೀಟರ್ ನೀರು ತೆಗೆಯಬೇಕು. ಹಳೆ ಅಂದಾಜಿನಲ್ಲಿ ದೊಡ್ಡ ಎಸಿ ಹಾಕಿದರೆ ಅದು ಐದು ನಿಮಿಷದಲ್ಲಿ ಕೋಣೆ ತಣ್ಣಗೆ ಮಾಡಿ ನಿಲ್ಲುತ್ತದೆ, ನೀರು ಗಾಳಿಯಲ್ಲೇ ಉಳಿಯುತ್ತದೆ. ತಣ್ಣಗೆ, ಆದರೆ ಮೈಗೆ ಅಂಟಂಟು. ಬೇಸತ್ತವರು ಇನ್ನೂ ಎರಡು ಡಿಗ್ರಿ ಇಳಿಸುತ್ತಾರೆ, ಉಳಿತಾಯ ಅಲ್ಲಿಗೆ ಹೋಯಿತು. ತೇವವನ್ನೂ ಹಿಡಿಯುವ ಎಂಥಾಲ್ಪಿ ಎಕ್ಸ್‌ಚೇಂಜರ್ ಹಾಕಿ. 60% ಹಿಡಿದರೆ 30 ಲೀಟರ್ 12ಕ್ಕೆ ಇಳಿಯುತ್ತದೆ. ಮಿಕ್ಕಿದ್ದಕ್ಕೆ ಚಿಕ್ಕ, ನಿಧಾನಕ್ಕೆ ಓಡುವ ಇನ್ವರ್ಟರ್ ಎಸಿ ಅಥವಾ ಪ್ರತ್ಯೇಕ ಡಿಹ್ಯೂಮಿಡಿಫೈಯರ್.

ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಅರ್ಧ ಬಿಸಿಲು ಒಳಬಿಡುವ ಗಾಜು 10 ಚದರ ಮೀಟರ್ ಪಶ್ಚಿಮಕ್ಕಿದ್ದು ಅದರ ಮೇಲೆ ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಬಿದ್ದರೆ ಒಳಗೆ 2.5 ಕಿಲೋವ್ಯಾಟ್ ಹೀಟರ್ ಉರಿದ ಹಾಗೆ. ಈ ಮಾತು ಹೊಸಗೋಡೆಯವರಿಗೂ ಸಲ್ಲುತ್ತದೆ. ಚಳಿ ದೇಶದ ಬಿಗಿ ಮನೆಗಳು ಬೇಸಿಗೆಯಲ್ಲಿ ಕಾಯುವುದಕ್ಕೆ ಪಶ್ಚಿಮದ ಗಾಜೂ ಒಂದು ದೊಡ್ಡ ಕಾರಣ.

—

ನೆರಳು ಉತ್ತರ:

ತೇವಗಾಳಿ ಅವರೇ, ಗಾಳಿ ಆಡುವ ಮನೆ ಸಾಧ್ಯವಿರುವ ಕಡೆ ಈ 0.6ರ ಬಿಗಿ ಏಕೆ ಬೇಕು? ಎತ್ತರದ ಚಾವಣಿ, ಎದುರುಬದುರು ಕಿಟಕಿ, ಅಗಲ ಸೂರು, ಒಂದು ಫ್ಯಾನು ಸಾಕಾಗುವ ಕಡೆ ಮಷೀನ್ ಹೇರುವುದು ಶಕ್ತಿ ಉಳಿತಾಯವಲ್ಲ.

—

ತೇವಗಾಳಿ:

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಎಸಿ ಇಲ್ಲವೇ ಇಲ್ಲ ಅಂದರೆ ತೆರೆದ ಮನೆಯೇ ಸರಿ. ಆದರೆ ಅಂಥ ಸಡಿಲ ಮನೆಗೆ ಐದು ವರ್ಷದ ಮೇಲೆ ಕೋಣೆಗೊಂದು ಎಸಿ ಬಂದು ಕೂತರೆ ಅದಕ್ಕಿಂತ ಕೆಟ್ಟ ಜೋಡಣೆ ಬೇರಿಲ್ಲ. ಮುಂದೆ ಎಸಿ ಬರಬಹುದು ಅನಿಸಿದರೆ ಮಲಗುವ ಕೋಣೆಗಳನ್ನಾದರೂ ಬಿಗಿ ಮುಚ್ಚಬಹುದಾದ ಒಂದು ಪ್ರತ್ಯೇಕ ಭಾಗವಾಗಿ ಈಗಲೇ ಕಟ್ಟಿ.

—

ಒಪ್ಪಂದಪತ್ರ ಉತ್ತರ:

ಕೆಲಸದವರ ಪ್ರಶ್ನೆಗೆ ಬರುತ್ತೇನೆ. ತಂತ್ರಜ್ಞಾನ ಹೊಸದೇನಲ್ಲ. ಡಾರ್ಮ್‌ಸ್ಟಾಟ್‌ನ ಕ್ರಾನಿಷ್‌ಸ್ಟೈನ್‌ನಲ್ಲಿ ಮೊದಲ ಪ್ಯಾಸಿವ್ ಹೌಸ್ ಸಾಲುಮನೆ ಎದ್ದದ್ದು 1991ರಲ್ಲಿ. ಹರಡಲು ತಡವಾಗಿರುವುದು ಕೈಗಳ ಅಭ್ಯಾಸದಿಂದ. ಬ್ರಸೆಲ್ಸ್ ನಗರ ಪ್ರದೇಶ 2007ರಿಂದ ಮಾದರಿ ಕಟ್ಟಡಗಳಿಗೆ ನೆರವು ಕೊಟ್ಟು ಕೆಲಸದವರನ್ನೂ ಆರ್ಕಿಟೆಕ್ಟ್‌ಗಳನ್ನೂ ಪಳಗಿಸಿತು, 2015ರಿಂದ ಹೊಸ ಕಟ್ಟಡಗಳಿಗೆ ಪ್ಯಾಸಿವ್ ಮಟ್ಟದ ನಿಯಮ ತಂದಿತು. ಮೊದಲು ಕೈ ಪಳಗಿತು, ಆಮೇಲೆ ನಿಯಮ. ಆ ಕ್ರಮ ನನಗೆ ಬಹಳ ಸರಿ ಅನ್ನಿಸುತ್ತದೆ.

ನಿಮ್ಮ ಮಟ್ಟದಲ್ಲಿ ಮಾಡಬಹುದಾದದ್ದು: ಒಪ್ಪಂದದಲ್ಲಿ "ಗಾಳಿಬಿಗಿಯಾಗಿ ಕಟ್ಟತಕ್ಕದ್ದು" ಅಂತ ಬರೆದರೆ ಏನೂ ಬರೆದಂತಲ್ಲ. 50 ಪಾಸ್ಕಲ್‌ನಲ್ಲಿ ಗಂಟೆಗೆ 225 ಘನ ಮೀಟರ್ ಅಂತ ಅಂಕಿ ಬರೆಯಿರಿ, ಆ ಅಂಕಿಗೆ ಒಂದು ಕಂತಿನ ಹಣ ಕಟ್ಟಿ. ಮೊದಲ ಟೆಸ್ಟ್ ಪಾಸಾಗದೆ ಚಾವಣಿಯ ಒಳಹಲಗೆ ಹೊಡೆಯುವ ಹಾಗಿಲ್ಲ. ಗಾಳಿಬಿಗಿ ಪದರಕ್ಕೆ ಒಬ್ಬರೇ ಒಬ್ಬರು ಹೊಣೆ, ಹೆಸರು ಬರೆದು. ಎಲೆಕ್ಟ್ರಿಷಿಯನ್, ಪ್ಲಂಬರ್ ಯಾರೇ ತೂತು ಕೊರೆಯಲಿ, ಆ ದಿನವೇ ಆ ಹೊಣೆ ಹೊತ್ತವರಿಗೆ ತಿಳಿಸಬೇಕು. ಕೊರೆದವರನ್ನು ಬೈಯುವ ಪದ್ಧತಿ ಇಟ್ಟರೆ ಯಾರೂ ಹೇಳುವುದಿಲ್ಲ, ತೂತು ಸೀಲ್ ಆಗದೆ ಕಣ್ಮರೆಯಾಗುತ್ತದೆ.

"ಅಥವಾ ತತ್ಸಮಾನ" ಎಂಬ ಮಾತನ್ನು ಮೂರು ವಸ್ತುಗಳಿಗೆ ತೆಗೆದುಹಾಕಿ: ಕಿಟಕಿ, ಇನ್ಸುಲೇಶನ್, ವೆಂಟಿಲೇಶನ್ ಮಷೀನ್. ಬದಲಿ ವಸ್ತು ಬಂದರೆ ಪಿಎಚ್‌ಪಿಪಿಯಲ್ಲಿ ಅದರ ಅಂಕಿ ಹಾಕಿ ನೋಡಿದ ಮೇಲೆಯೇ ಒಪ್ಪಿಗೆ. ಲ್ಯಾಂಬ್ಡಾ 0.035ರ ಬದಲು 0.040 ಬಂದು ಬಿದ್ದರೆ ಅದೇ 220 ಮಿ.ಮೀ.ನಲ್ಲಿ ಗೋಡೆ 0.17 ಆಗುತ್ತದೆ, 14 ಇದ್ದದ್ದು 15 ದಾಟಲು ಅಷ್ಟು ಸಾಕಾಗಬಹುದು. ನಿಮ್ಮ 14 ಬಹಳ ಅಂಚಿನಲ್ಲಿದೆ. ವಿನ್ಯಾಸದಲ್ಲಿ 12ಕ್ಕೆ ತನ್ನಿ. ಅದಕ್ಕೆ ದಪ್ಪ ಹೆಚ್ಚಿಸುವ ಮೊದಲು ಆಕಾರದ ಮೂಲೆ ಮಡಿಕೆಗಳನ್ನು ಕಡಿಮೆ ಮಾಡಿ ನೋಡಿ. ಮಡಿಕೆ ಕಡಿಮೆಯಾದರೆ ಗೋಡೆಯೂ ಕಡಿಮೆ, ಸಂದೂ ಕಡಿಮೆ.

ಲೆಕ್ಕಕ್ಕೂ ಬಳಕೆಗೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲು ತಪ್ಪೇ ಅಲ್ಲ. ಲೆಕ್ಕ 20 ಡಿಗ್ರಿಗೆ. ಬೆಚ್ಚಗಿರುವ ಮನೆಯಲ್ಲಿ ಜನ 22ರಲ್ಲಿ ಇರುತ್ತಾರೆ. ನಿಮ್ಮ ಮನೆಯ ಒಟ್ಟು ನಷ್ಟ ಡಿಗ್ರಿಗೆ 90 ವ್ಯಾಟ್ ಅಂತ ಹಿಡಿದು 200 ದಿನದ ಚಳಿಗೆ ಲೆಕ್ಕ ಹಾಕಿದರೆ ಒಂದು ಡಿಗ್ರಿಗೆ 430 ಯೂನಿಟ್, ಚದರ ಮೀಟರಿಗೆ ಸುಮಾರು 3. ಎರಡು ಡಿಗ್ರಿಗೆ 14 ಹೋಗಿ 20 ಆಯಿತು. ಹಸಿ ಪ್ಲಾಸ್ಟರ್, ಕಾಂಕ್ರೀಟ್ ಒಣಗಲು ಶಾಖ ಬೇಕಾದ್ದರಿಂದ ಮೊದಲ ಚಳಿಗಾಲದ ಅಂಕಿಯೂ ಮೇಲೇ ಇರುತ್ತದೆ.

ಇದು ತಪ್ಪೋ ಅಲ್ಲವೋ ಅಂತ ಹೇಳಬೇಕಾದರೆ ಮೀಟರ್ ಬೇಕು. ಬಿಸಿ ಮಾಡಲು, ಬಿಸಿನೀರಿಗೆ, ವೆಂಟಿಲೇಶನ್ನಿಗೆ, ಮಿಕ್ಕ ಮನೆ ಬಳಕೆಗೆ ಬೇರೆ ಬೇರೆ ಸಬ್‌ಮೀಟರ್, ಜೊತೆಗೆ ಎರಡು ಕೋಣೆಯಲ್ಲಿ ಉಷ್ಣತೆ ದಾಖಲಿಸುವ ಲಾಗರ್. ಡಿಸ್ಟ್ರಿಬ್ಯೂಶನ್ ಬೋರ್ಡಿನಲ್ಲಿ ಇದಕ್ಕೆ ಜಾಗವನ್ನು ಈಗಲೇ ಬಿಡಿಸಿ, ಎರಡನೇ ಚಳಿಗಾಲದ ಅಂಕಿಯನ್ನು ಒಳ ಉಷ್ಣತೆಗೆ ಸರಿಹೊಂದಿಸಿದ ಮೇಲೆ ಲೆಕ್ಕಕ್ಕೆ ಹೋಲಿಸಿ ನೋಡಿ.